ಹಿಂದೆ ಘಟ್ಟ, ಮುಂದೆ ಕಡಲು: ನೀಸ್ ಪ್ರವಾಸಕ್ಕೆ ಡೊಂಬಿವಲಿಯ ಮೂವರ ಸಿದ್ಧತೆ

‘ದೇಶ ಸುತ್ತಿ ನೋಡು, ಕೋಶ ಓದಿ ನೋಡು’ ಎಂಬ ಗಾದೆ ನಮ್ಮವರ ಬಾಯಲ್ಲಿ ಸದಾ ಇರುತ್ತದೆ. ಆದರೆ ಮುಂಬಯಿಗೆ ಬಂದು ಬದುಕು ಕಟ್ಟಿಕೊಂಡ ಕನ್ನಡಿಗರಲ್ಲಿ ಹೆಚ್ಚಿನವರ ಪಾಲಿಗೆ ರಜೆ ಎಂದರೆ ಊರಿಗೆ ಹೋಗುವುದು. ಮೇ ತಿಂಗಳ ಮದುವೆ ಮುಂಜಿ, ಊರ ಜಾತ್ರೆ, ತೋಟದ ಲೆಕ್ಕ, ಹಿರಿಯರ ಕಾಯಿಲೆ ಇವುಗಳಲ್ಲೇ ಇದ್ದ ರಜೆ ಮುಗಿಯುತ್ತಿತ್ತು. ಮೊದಲು ರಾತ್ರಿಯಿಡೀ ಬಸ್ಸು, 1998ರಲ್ಲಿ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದ ಮೇಲೆ ರೈಲು. ವಾಹನ ಬದಲಾಯಿತೇ ಹೊರತು ಹೋಗುವ ಊರು ಬದಲಾಗಲಿಲ್ಲ. ಒಮ್ಮೆಯಾದರೂ ವಿದೇಶ ನೋಡಬೇಕೆಂಬ ಆಸೆಗೆ ಸಿಗುತ್ತಿದ್ದ ಉತ್ತರ ಒಂದೇ: ‘ಮುಂದಿನ ವರ್ಷ ನೋಡೋಣ.’

ಈ ‘ಮುಂದಿನ ವರ್ಷ’ ಎಲ್ಲರಿಗೂ ಬರುವುದಿಲ್ಲ ಎಂಬುದನ್ನು ಡೊಂಬಿವಲಿಯ ಒಂದೇ ಮಹಡಿಯ ಎರಡು ಮನೆಗಳು ಕಷ್ಟಪಟ್ಟು ಕಲಿತಿವೆ. ಆ ಎರಡು ಮನೆಗಳಿಂದ ಈಗ ಮೂವರು ಬರುವ ಸೆಪ್ಟೆಂಬರ್‌ನಲ್ಲಿ ಫ್ರಾನ್ಸ್ ದೇಶದ ದಕ್ಷಿಣ ಕರಾವಳಿಯ ನೀಸ್ ಎಂಬ ಊರಿಗೆ ಹೊರಡುವ ಸಿದ್ಧತೆಯಲ್ಲಿದ್ದಾರೆ. ಮೂವರೂ ಅರುವತ್ತು ದಾಟಿದವರು. ಅವರು ಹೇಗೆ ಯೋಚಿಸಿದರು, ಏನನ್ನು ಬಿಟ್ಟರು, ಯಾವುದನ್ನು ಹಿಡಿದರು ಎಂಬುದು ಅದೇ ವಯಸ್ಸಿನ, ಅದೇ ಆಸೆಯ ಅನೇಕರಿಗೆ ಉಪಯೋಗವಾದೀತು.

ಅಟ್ಟದ ಮೇಲಿನ ಕಡತ

2020ರ ಜನವರಿಯಲ್ಲಿ ಈ ಎರಡು ಮನೆಗಳ ನಾಲ್ವರು ಒಂದು ಪ್ರವಾಸ ಸಂಸ್ಥೆಗೆ ಮುಂಗಡ ಹಣ ಕಟ್ಟಿದ್ದರು. ಹನ್ನೊಂದು ದಿನಗಳಲ್ಲಿ ಏಳು ದೇಶ. ಮೇ ತಿಂಗಳಲ್ಲಿ ಹೊರಡಬೇಕಿತ್ತು. ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಹಣ ಮರಳಿ ಕೇಳಿದಾಗ ‘ಮುಂದಿನ ವರ್ಷ ಇದೇ ಹಣದಲ್ಲಿ ಹೋಗಬಹುದು’ ಎಂಬ ಪತ್ರ ಬಂತು. 2021ರ ಏಪ್ರಿಲ್‌ನ ಎರಡನೆಯ ಅಲೆಯಲ್ಲಿ ನಾಲ್ವರಲ್ಲಿ ಒಬ್ಬರು, ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿದ್ದವರು, ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ. ಮುಂಗಡದ ಒಂದು ಭಾಗ ಬಹಳ ಕಾಲದ ನಂತರ ಬ್ಯಾಂಕ್ ಖಾತೆಗೆ ಬಂದಾಗ ಅದನ್ನು ನೋಡುವ ಮನಸ್ಸೂ ಯಾರಿಗೂ ಇರಲಿಲ್ಲ.

ಕಳೆದ ದೀಪಾವಳಿಗೆ ಮನೆ ಶುಚಿ ಮಾಡುವಾಗ ಅಟ್ಟದ ಮೇಲಿಂದ ಆ ಹಳೆಯ ಕಡತ ಕೆಳಗೆ ಬಂತು. ಏಳು ದೇಶಗಳ ಬಣ್ಣದ ಪುಸ್ತಿಕೆಯ ನಡುವೆ ಒಂದು ಹಾಳೆ. ಅದರಲ್ಲಿ ತೀರಿಕೊಂಡವರ ಕೈಬರಹ. ಏಳು ದೇಶಗಳ ಬಗ್ಗೆ ಅಲ್ಲಿ ಒಂದಕ್ಷರವೂ ಇರಲಿಲ್ಲ. ಇದ್ದದ್ದು ಇಷ್ಟೇ: ‘ನೀಸ್‌ನಿಂದ ಬೆಟ್ಟಕ್ಕೆ ಮೀಟರ್ ಗೇಜ್ ರೈಲು ಇದೆ. 151 ಕಿ.ಮೀ. ಕೇಳಬೇಕು.’ ಕೆಳಗೆ ಎರಡು ಗೆರೆ ಎಳೆದಿತ್ತು. ಬೆಂಗಳೂರಿಗೆ ಹೋಗಲು ಮಿರಜ್‌ನಲ್ಲಿ ಇಳಿದು ಮೀಟರ್ ಗೇಜ್ ಗಾಡಿ ಹಿಡಿಯುತ್ತಿದ್ದ ಕಾಲವನ್ನು ಕಂಡ ರೈಲ್ವೆ ಮನುಷ್ಯನಿಗೆ ಯುರೋಪಿನಲ್ಲೂ ಅಂಥದೊಂದು ಗಾಡಿ ಓಡುತ್ತಿದೆ ಎಂಬುದೇ ದೊಡ್ಡ ಸಂಗತಿಯಾಗಿತ್ತು. ಆದರೆ ಪ್ಯಾಕೇಜಿನ ಏಳು ದೇಶಗಳಲ್ಲಿ ಆ ಗಾಡಿಗೆ ಜಾಗವಿರಲಿಲ್ಲ.

ಪಕ್ಕದ ಮನೆಯ ನಿವೃತ್ತ ಶಿಕ್ಷಕಿ ಆ ಹಾಳೆಯನ್ನು ತೆಗೆದುಕೊಂಡು ಹೋಗಿ ಅವರ ಪತ್ನಿಯ ಕೈಗೆ ಕೊಟ್ಟರು. ‘ಅಕ್ಕಾ, ಏಳು ದೇಶ ಬೇಡ. ಈ ಒಂದು ಊರಿಗೆ ಹೋಗಿ ಬರೋಣ’ ಎಂದರು. ಅಕ್ಕ ಮೊದಲು ಒಪ್ಪಲಿಲ್ಲ. ‘ನೀವಿಬ್ಬರು ಹೋಗಿ ಬನ್ನಿ. ಒಬ್ಬಳೇ ನಾನು ಅಲ್ಲಿ ಬಂದು ಏನು ಮಾಡಲಿ? ಜನ ಏನಂದಾರು?’ ಎಂದರು. ‘ಜನ ಟಿಕೆಟ್ ತೆಗೆಸಿಕೊಡ್ತಾರಾ ಅಕ್ಕಾ?’ ಎಂದು ಇವರು ಕೇಳಿದರು. ಎರಡು ತಿಂಗಳು ಕಳೆಯಿತು. ಸಂಕ್ರಾಂತಿಯ ಎಳ್ಳು ಬೆಲ್ಲ ಕೊಡಲು ಬಂದ ದಿನ ಅಕ್ಕ ಕೇಳಿದ್ದು ಒಂದೇ ಮಾತು: ‘ಆ ರೈಲು ಈಗಲೂ ಓಡ್ತದಾ?’

ಯೋಜನೆ ಆರಂಭವಾದದ್ದು ಅಲ್ಲಿಂದ.

ನೀಸ್ ಎಂಬ ಊರು

ಇಂಗ್ಲಿಷಿನಲ್ಲಿ ಬರೆದಾಗ ‘ನೈಸ್’ ಎಂದು ಓದುವಂತಿದ್ದರೂ ಇದರ ಉಚ್ಚಾರ ನೀಸ್. ಮೆಡಿಟರೇನಿಯನ್ ಕಡಲ ತೀರದಲ್ಲಿ, ಇಟಲಿಯ ಗಡಿಯಿಂದ ಸುಮಾರು 30 ಕಿ.ಮೀ. ದೂರದಲ್ಲಿ, ಆಲ್ಪ್ಸ್ ಪರ್ವತಗಳು ಕಡಲಿಗೆ ಇಳಿಯುವ ಜಾಗದಲ್ಲಿ ಈ ನಗರವಿದೆ. ಸುಮಾರು ಮೂರೂವರೆ ಲಕ್ಷ ಜನಸಂಖ್ಯೆ. ಊರಿನ ಮುಂದೆ ಅರ್ಧಚಂದ್ರದಂತಹ ಕೊಲ್ಲಿ, ಹಿಂದೆ ಬೆಟ್ಟಗಳ ಸಾಲು. ಒಂದು ಕಡೆ ಘಟ್ಟ, ಒಂದು ಕಡೆ ಕಡಲು ನೋಡುತ್ತ ಬೆಳೆದ ಕರಾವಳಿಯವರಿಗೆ ಇದರ ಭೂಪಟ ನೋಡಿದಾಗಲೇ ಆತ್ಮೀಯ ಎನಿಸಿದರೆ ಆಶ್ಚರ್ಯವಿಲ್ಲ. ಆದರೆ ಇಲ್ಲಿಯ ಬೆಟ್ಟಗಳು ನಮ್ಮ ಘಟ್ಟಕ್ಕಿಂತ ಬಹಳ ಎತ್ತರ. ಊರಿನ ಹಿಂದಿರುವ ಮೆರ್ಕಾಂತೂರ್ ರಾಷ್ಟ್ರೀಯ ಉದ್ಯಾನದ ಶಿಖರಗಳು ಮೂರು ಸಾವಿರ ಮೀಟರ್ ದಾಟುತ್ತವೆ.

ನೀಸ್ ಕಾಯಂ ಆಗಿ ಫ್ರಾನ್ಸಿಗೆ ಸೇರಿದ್ದು 1860ರಲ್ಲಿ. ಅದಕ್ಕೆ ಮೊದಲು ಸಾರ್ಡೀನಿಯ ರಾಜ್ಯದ ಭಾಗವಾಗಿತ್ತು. ಇಟಲಿಯ ಏಕೀಕರಣದ ವೀರ ಗ್ಯಾರಿಬಾಲ್ಡಿ 1807ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ತಮ್ಮ ದೇಶದ ಚಳಿ ತಾಳಲಾರದ ಇಂಗ್ಲಿಷರು ಚಳಿಗಾಲ ಕಳೆಯಲು ಇಲ್ಲಿಗೆ ಬರತೊಡಗಿದರು. 1820ರ ದಶಕದಲ್ಲಿ ಅವರ ಹಣದಿಂದ ಕಡಲ ಬದಿಯ ಕಾಲುದಾರಿ ಆರಂಭವಾಯಿತು. ಅದೇ ಇಂದಿನ ಪ್ರಸಿದ್ಧ ‘ಇಂಗ್ಲಿಷರ ವಾಯುವಿಹಾರ ದಾರಿ’. ಸುಮಾರು 7 ಕಿ.ಮೀ. ಉದ್ದ, ಏರಿಳಿತವಿಲ್ಲ, ಉದ್ದಕ್ಕೂ ಕೂರಲು ಬೆಂಚು ಮತ್ತು ನೀಲಿ ಕುರ್ಚಿಗಳು. ಚಳಿಗಾಲದ ವಿಹಾರ ನಗರವೆಂದು ನೀಸ್ 2021ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಚಿತ್ರಕಾರ ಮಾತಿಸ್ 1917ರಲ್ಲಿ ಇಲ್ಲಿಗೆ ಬಂದು, ಬಹುಕಾಲ ಇಲ್ಲೇ ಇದ್ದು, 1954ರಲ್ಲಿ ಇಲ್ಲೇ ತೀರಿಕೊಂಡರು. ಅವರ ಹೆಸರಿನ ವಸ್ತುಸಂಗ್ರಹಾಲಯ ಊರಿನ ಸಿಮಿಯೇ ಗುಡ್ಡದಲ್ಲಿದೆ.

ಯಾವ ತಿಂಗಳು?

ಮಕ್ಕಳ ಶಾಲಾ ರಜೆಯ ಹಂಗಿಲ್ಲದಿರುವುದು ನಿವೃತ್ತರ ದೊಡ್ಡ ಸಂಪತ್ತು. ಅದನ್ನು ಬಳಸಿಕೊಳ್ಳದೆ ಎಲ್ಲರೂ ಹೋಗುವ ಮೇ ತಿಂಗಳಲ್ಲೇ ಹೊರಡುವುದು ಜಾಣತನವಲ್ಲ. ಮೇ ತಿಂಗಳಲ್ಲಿ ಹತ್ತಿರದ ಕಾನ್ ಪಟ್ಟಣದಲ್ಲಿ ಚಲನಚಿತ್ರೋತ್ಸವ. 2025ರವರೆಗೆ ಅದರ ಹಿಂದೆಯೇ ಮೊನಾಕೋದ ಕಾರು ಓಟವೂ ಇರುತ್ತಿತ್ತು. ಆ ದಿನಗಳಲ್ಲಿ ಕರಾವಳಿಯುದ್ದಕ್ಕೂ ಕೋಣೆಯ ಬಾಡಿಗೆ ಏರುತ್ತದೆ. ಫೆಬ್ರವರಿಯಲ್ಲಿ ನೀಸ್‌ನ ಕಾರ್ನಿವಲ್ ಮತ್ತು ಮಾಂತೋನ್ ಪಟ್ಟಣದ ನಿಂಬೆ ಹಬ್ಬ; ನೋಡಲು ಚೆಂದ, ಆದರೆ ಕಡಲು ತಣ್ಣಗೆ. ಜುಲೈ, ಆಗಸ್ಟ್‌ನಲ್ಲಿ ಸೆಕೆ, ಜನಸಂದಣಿ, ದುಬಾರಿ ದರ ಮೂರೂ ಒಟ್ಟಿಗೆ.

ಉಳಿಯುವುದು ಜೂನ್‌ನ ಮೊದಲ ಭಾಗ ಮತ್ತು ಸೆಪ್ಟೆಂಬರ್. ಬೇಸಗೆಯಿಡೀ ಬಿಸಿಲು ಕುಡಿದ ಕಡಲು ಸೆಪ್ಟೆಂಬರ್‌ನಲ್ಲಿ ಬೆಚ್ಚಗಿರುತ್ತದೆ, ಜನ ಕಡಿಮೆಯಾಗಿರುತ್ತಾರೆ. ಅಕ್ಟೋಬರ್, ನವೆಂಬರ್ ಮಳೆಯ ಕಾಲ. ಅಲ್ಲಿಯ ಮಳೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. 2020ರ ಅಕ್ಟೋಬರ್ 2ರ ಬಿರುಮಳೆಗೆ ನೀಸ್‌ನ ಹಿಂದಿನ ಬೆಟ್ಟ ಕಣಿವೆಗಳಲ್ಲಿ ಸೇತುವೆ, ರಸ್ತೆ, ಮನೆಗಳೇ ಕೊಚ್ಚಿಹೋಗಿದ್ದವು. ಇದನ್ನೆಲ್ಲ ನೋಡಿ ಮೂವರು ಸೆಪ್ಟೆಂಬರ್‌ನ ಮೊದಲೆರಡು ವಾರಗಳನ್ನು ಗುರುತು ಮಾಡಿದರು. ಚೌತಿಯ ದಿನವನ್ನು ಕ್ಯಾಲೆಂಡರಿನಲ್ಲಿ ನೋಡಿಕೊಂಡು, ಅದಕ್ಕೆ ಅಡ್ಡಿಯಾಗದಂತೆ ತಾರೀಕು ಹಾಕಿದರು ಎಂಬುದನ್ನು ಹೇಳಬೇಕಾಗಿಲ್ಲ.

ಮಂಡಿಯನ್ನು ಕೇಳಿ ಹಾಕಿದ ಯೋಜನೆ

ಶಿಕ್ಷಕಿಯವರ ಬಲಮಂಡಿಗೆ ಎರಡು ವರ್ಷಗಳ ಹಿಂದೆ ಶಸ್ತ್ರಚಿಕಿತ್ಸೆಯಾಗಿದೆ. ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದ ಅವರ ಯಜಮಾನರಿಗೆ ರಕ್ತದೊತ್ತಡ. ಅಕ್ಕನಿಗೆ ಸಕ್ಕರೆ ಕಾಯಿಲೆ. ದಿನಕ್ಕೊಂದು ಹೋಟೆಲು, ಬೆಳಿಗ್ಗೆ ಆರಕ್ಕೆ ಪೆಟ್ಟಿಗೆ ಕಟ್ಟುವ ಪ್ರವಾಸ ಇವರಿಂದ ಆಗದು. ಹಾಗಾಗಿ ಮೊದಲ ನಿರ್ಧಾರ: ಎಂಟು ರಾತ್ರಿಯೂ ಒಂದೇ ಮನೆ, ಪೆಟ್ಟಿಗೆ ಬಿಚ್ಚುವುದು ಒಮ್ಮೆ, ಕಟ್ಟುವುದು ಒಮ್ಮೆ.

ಎರಡನೆಯದು, ಆ ಮನೆ ಎಲ್ಲಿರಬೇಕು ಎಂಬುದು. ಹಳೆ ಪೇಟೆಯ ಓಣಿಗಳು ಚಿತ್ರದಲ್ಲಿ ಸುಂದರ. ಆದರೆ ಅಲ್ಲಿಯ ಎಷ್ಟೋ ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲ. ‘ನಾಲ್ಕನೇ ಮಹಡಿ, ಕಡಲಿನ ನೋಟ’ ಎಂದು ಬರೆದಿದ್ದರೆ ಮೊದಲು ಕೇಳಬೇಕಾದದ್ದು ಲಿಫ್ಟಿನ ಬಗ್ಗೆ, ನೋಟದ ಬಗ್ಗೆ ಆಮೇಲೆ. ಇವರು ರೈಲು ನಿಲ್ದಾಣಕ್ಕೂ ಟ್ರಾಮಿಗೂ ಹತ್ತಿರವಿರುವ, ಲಿಫ್ಟ್ ಮತ್ತು ಅಡುಗೆ ಮನೆ ಇರುವ, ಎರಡು ಮಲಗುವ ಕೋಣೆಗಳ ಮನೆಯನ್ನು ಆರಿಸಿದರು. ಕಾದಿರಿಸಿದ್ದನ್ನು ರದ್ದು ಮಾಡಿದರೆ ಹಣ ಮರಳುವ ಷರತ್ತನ್ನೂ ಓದಿಕೊಂಡರು. 2020ರ ಪಾಠ ಅದು.

ಮುಂಬಯಿಯಿಂದ ನೀಸ್‌ಗೆ ನೇರ ವಿಮಾನವಿಲ್ಲ. ದುಬೈ ಅಥವಾ ಯುರೋಪಿನ ಇನ್ನೊಂದು ನಗರದಲ್ಲಿ ಬದಲಿಸಬೇಕು. ನಡುವೆ ಒಂದು ಗಂಟೆ ಮಾತ್ರ ಇರುವ ಅಗ್ಗದ ಟಿಕೆಟಿಗಿಂತ ಮೂರು ಗಂಟೆ ಇರುವ ಟಿಕೆಟ್ ಹಿರಿಯರಿಗೆ ಒಳ್ಳೆಯದು. ಗಾಲಿಕುರ್ಚಿಯ ಸಹಾಯ ಬೇಕಿದ್ದರೆ ಟಿಕೆಟ್ ತೆಗೆಯುವಾಗಲೇ ತಿಳಿಸಬೇಕು. ನೀಸ್ ವಿಮಾನ ನಿಲ್ದಾಣ ಕಡಲ ಅಂಚಿನಲ್ಲೇ ಇದೆ. ಅಲ್ಲಿಂದ ಊರೊಳಗೆ ಟ್ರಾಮ್ ಬರುತ್ತದೆ.

ಊರಿನಲ್ಲಿ ನೋಡಬೇಕಾದದ್ದನ್ನೂ ಮಂಡಿಯ ಲೆಕ್ಕದಲ್ಲೇ ಬರೆದುಕೊಳ್ಳಲಾಯಿತು. ಹಳೆ ಪೇಟೆಯ ಪಕ್ಕದ ಕೋಟೆಗುಡ್ಡ ಸುಮಾರು 90 ಮೀಟರ್ ಎತ್ತರ. ಮೇಲೇರಲು ಇನ್ನೂರಕ್ಕೂ ಹೆಚ್ಚು ಮೆಟ್ಟಿಲುಗಳಿವೆ, ಉಚಿತ ಲಿಫ್ಟ್ ಕೂಡ ಇದೆ. ಮೇಲೆ ಕೋಟೆ ಹುಡುಕಬಾರದು. 14ನೇ ಲೂಯಿ ದೊರೆ ಅದನ್ನು 1706ರಲ್ಲಿ ಕೆಡವಿಸಿದ. ಈಗ ಅಲ್ಲಿರುವುದು ಉದ್ಯಾನ ಮತ್ತು ಇಡೀ ಕೊಲ್ಲಿಯ ನೋಟ. ಮಧ್ಯಾಹ್ನ ಸರಿಯಾಗಿ 12ಕ್ಕೆ ಗುಡ್ಡದಿಂದ ಫಿರಂಗಿಯಂಥ ಸದ್ದು ಕೇಳಿಸುತ್ತದೆ. ಅದು 19ನೇ ಶತಮಾನದಿಂದ ಬಂದ ಪದ್ಧತಿ, ಗಾಬರಿ ಬೇಡ.

ಕಡಲ ತೀರದ ಬಗ್ಗೆ ಒಂದು ಮುಖ್ಯ ಮಾತು. ನೀಸ್‌ನಲ್ಲಿ ಹೊಯಿಗೆ ಇಲ್ಲ. ತೀರವೆಲ್ಲ ನುಣುಪಾದ ದುಂಡುಕಲ್ಲು. ಬರಿಗಾಲಿನಲ್ಲಿ ನಡೆದರೆ ಪಾದ ನೋಯುತ್ತದೆ, ನೀರಿಗಿಳಿದ ಕೆಲವೇ ಹೆಜ್ಜೆಗೆ ಆಳ ಸಿಗುತ್ತದೆ. ಸಕ್ಕರೆ ಕಾಯಿಲೆಯವರು ಪಾದಕ್ಕೆ ಗಾಯ ಮಾಡಿಕೊಳ್ಳುವುದು ಹುಡುಗಾಟವಲ್ಲ. ನೀರಿನಲ್ಲಿ ಹಾಕುವ ರಬ್ಬರ್ ಪಾದರಕ್ಷೆ ಮೂವರ ಪಟ್ಟಿಯಲ್ಲೂ ಮೊದಲ ಸಾಲಿನಲ್ಲಿದೆ. ಕಾಲಡಿಯಲ್ಲಿ ಸ್ವಲ್ಪ ಮೆದು ನೆಲ ಬೇಕೆನ್ನುವವರಿಗೆ ರೈಲಿನಲ್ಲಿ ಹತ್ತು ನಿಮಿಷದೊಳಗೆ ಸಿಗುವ ವಿಲ್‌ಫ್ರಾಂಶ್ ಊರಿನ ತೀರವಿದೆ. ನಿಲ್ದಾಣದಿಂದ ಇಳಿದರೆ ಕಡಲೇ.

ಅದೇ ಕರಾವಳಿ ರೈಲು ಸುಮಾರು 25 ನಿಮಿಷಕ್ಕೆ ಮೊನಾಕೋಗೆ, ಸುಮಾರು 40 ನಿಮಿಷಕ್ಕೆ ನಿಂಬೆಯ ಊರಾದ ಮಾಂತೋನ್‌ಗೆ ಮುಟ್ಟಿಸುತ್ತದೆ. ಬೆಟ್ಟದ ತುದಿಯ ಎಝ್ ಹಳ್ಳಿಗೆ ಹೋಗುವವರು ಮಾತ್ರ ಎಚ್ಚರದಿಂದಿರಬೇಕು. ಎಝ್ ಹೆಸರಿನ ರೈಲು ನಿಲ್ದಾಣವಿರುವುದು ಕಡಲ ಮಟ್ಟದಲ್ಲಿ. ಹಳ್ಳಿ ಇರುವುದು ನಾನೂರು ಮೀಟರಿಗೂ ಹೆಚ್ಚು ಎತ್ತರದಲ್ಲಿ. ರೈಲಿಳಿದು ಕಾಲುದಾರಿಯಲ್ಲಿ ಹತ್ತಿದರೆ ಒಂದು ಗಂಟೆಗೂ ಮೀರಿದ ಕಡಿದಾದ ಏರು. ನೀಸ್‌ನಿಂದ ಹಳ್ಳಿಗೇ ಹೋಗುವ ಬಸ್ಸಿದೆ. ಹಿರಿಯರಿಗೆ ಅದೇ ಸರಿ.

ಬೆಟ್ಟದ ರೈಲಿನ ದಿನ

ಅಕ್ಕ ಕೇಳಿದ ಪ್ರಶ್ನೆಗೆ ಉತ್ತರ ಹುಡುಕುವುದೇ ಈ ಯೋಜನೆಯ ಹೃದಯವಾಯಿತು. ನೀಸ್‌ನಿಂದ ದಿನ್ಯ್ ಎಂಬ ಬೆಟ್ಟದ ಊರಿಗೆ 151 ಕಿ.ಮೀ. ಉದ್ದದ ಮೀಟರ್ ಗೇಜ್ ಮಾರ್ಗವಿದೆ. 1911ರಲ್ಲಿ ಪೂರ್ತಿಯಾದ ಈ ದಾರಿಯ ರೈಲಿಗೆ ಅಲ್ಲಿಯ ಜನ ಇಟ್ಟ ಹೆಸರು ‘ಪೈನ್ ಕಾಯಿಗಳ ರೈಲು’. ವಾರ್ ನದಿಯ ಕಣಿವೆ ಹಿಡಿದು, ಸೇತುವೆ ಸುರಂಗಗಳನ್ನು ದಾಟುತ್ತ ಅದು ಮೇಲೇರುತ್ತದೆ. ಇದು ಊರಿನ ಮುಖ್ಯ ನಿಲ್ದಾಣದಿಂದ ಹೊರಡುವುದಿಲ್ಲ; ಇದಕ್ಕೆ ಬೇರೆಯೇ ನಿಲ್ದಾಣವಿದೆ. ಇದನ್ನು ತಿಳಿಯದೆ ಮುಖ್ಯ ನಿಲ್ದಾಣದಲ್ಲಿ ಕಾದು ಗಾಡಿ ತಪ್ಪಿಸಿಕೊಳ್ಳುವ ಪ್ರಮೇಯ ಬರಬಾರದು.

ಹಳೆಯ ಮಾರ್ಗವಾದುದರಿಂದ ಮಣ್ಣು ಕುಸಿತ, ದುರಸ್ತಿ ಎಂದು ಕೆಲವು ಭಾಗಗಳಲ್ಲಿ ಆಗಾಗ ಸಂಚಾರ ನಿಲ್ಲುತ್ತದೆ. ಅಲ್ಲಿ ರೈಲಿನ ಬದಲು ಬಸ್ಸು ಓಡಿಸುತ್ತಾರೆ. ಆದ್ದರಿಂದ ದಿನ್ಯ್‌ವರೆಗೆ ಹೋಗಿಯೇ ತೀರಬೇಕೆಂಬ ಹಟವನ್ನು ಇವರು ಬಿಟ್ಟರು. ಗುರಿ ಹಾಕಿದ್ದು ಸುಮಾರು ಒಂದೂವರೆ ಗಂಟೆಯ ದೂರದ ಆಂತ್ರವೋ ಎಂಬ ಕೋಟೆಯೂರಿಗೆ. ನದಿಯ ಮೇಲಿನ ಸೇತುವೆ ದಾಟಿ ಕೋಟೆ ಬಾಗಿಲಿನ ಮೂಲಕವೇ ಊರೊಳಗೆ ಹೋಗಬೇಕು. 17ನೇ ಶತಮಾನದ ಕೊನೆಯಲ್ಲಿ ವೋಬಾನ್ ಎಂಬ ಪ್ರಸಿದ್ಧ ಸೇನಾ ಎಂಜಿನಿಯರ್ ಇದನ್ನು ಬಲಪಡಿಸಿದ. ಬಂಡೆಯ ತುದಿಯ ಕೋಟೆಗೆ ಅಂಕುಡೊಂಕಾದ ಏರುದಾರಿಯಿದೆ. ಯಜಮಾನರು ಅರ್ಧದವರೆಗಾದರೂ ಹತ್ತಿ ನೋಡುತ್ತಾರಂತೆ. ಹೆಂಗಸರಿಬ್ಬರೂ ಸೇತುವೆಯ ಬಳಿ ಕುಳಿತು ನದಿ ನೋಡುವುದೆಂದು ತೀರ್ಮಾನವಾಗಿದೆ.

ಯೋಜನೆಯಲ್ಲಿ ಈ ದಿನವನ್ನು ನಾಲ್ಕನೆಯ ದಿನಕ್ಕೆ ಇಡಲಾಗಿದೆ. ಐದನೆಯ ಮತ್ತು ಎಂಟನೆಯ ದಿನದ ಮುಂದೆ ಏನನ್ನೂ ಬರೆದಿಲ್ಲ. ನಾಲ್ಕರಂದು ಗಾಡಿ ಓಡದಿದ್ದರೆ ಐದರಂದು. ಅಂದೂ ಆಗದಿದ್ದರೆ ಎಂಟರಂದು. ‘ಖಾಲಿ ದಿನಕ್ಕೂ ಬಾಡಿಗೆ ಕೊಡಬೇಕಲ್ಲ ಅಪ್ಪಾ’ ಎಂದು ಪುಣೆಯಲ್ಲಿರುವ ಮಗ ಫೋನಿನಲ್ಲಿ ಹೇಳಿದ. ‘ಆ ಬಾಡಿಗೆ ಕೊಟ್ಟರೆ ಮಾತ್ರ ಉಳಿದ ದಿನ ನೆಮ್ಮದಿ’ ಎಂದರು ಅಪ್ಪ. ಒಬ್ಬರಿಗೆ ಮೈ ಹುಷಾರಿಲ್ಲದಿದ್ದರೂ, ಮಳೆ ಬಂದರೂ, ಆ ಖಾಲಿ ದಿನ ಕೈಹಿಡಿಯುತ್ತದೆ.

ಊಟದ ಚಿಂತೆ

ಮೂವರಲ್ಲಿ ಇಬ್ಬರು ಸಸ್ಯಾಹಾರಿಗಳು. ನೀಸ್‌ನ ಬೀದಿ ತಿಂಡಿಗಳಲ್ಲಿ ಮುಖ್ಯವಾದ ‘ಸೊಕ್ಕ’ ನಮ್ಮವರಿಗೆ ಹೇಳಿ ಮಾಡಿಸಿದಂತಿದೆ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ ದೊಡ್ಡ ತಾಮ್ರದ ತಟ್ಟೆಯಲ್ಲಿ ಹೊಯ್ದು ಸೌದೆ ಒಲೆಯಲ್ಲಿ ಬೇಯಿಸಿ, ಮೆಣಸಿನ ಪುಡಿ ಉದುರಿಸಿ ಬಿಸಿಬಿಸಿಯಾಗಿ ಕೊಡುತ್ತಾರೆ. ಆದರೆ ಈರುಳ್ಳಿ ಹಾಕಿದ ‘ಪಿಸಲಾದಿಯೇರ್’ ನೋಡಿ ಸಸ್ಯಾಹಾರವೆಂದು ಮೋಸಹೋಗಬಾರದು. ಅದರ ಮೇಲೆ ಸಣ್ಣ ಮೀನು ಇರುತ್ತದೆ. ಊರಿನ ಹೆಸರಿನ ಸಲಾಡಿನಲ್ಲೂ ಮೀನು, ಮೊಟ್ಟೆ ಸಾಮಾನ್ಯ. ಬದನೆ, ಟೊಮೆಟೊ, ದೊಣ್ಣೆ ಮೆಣಸು ಹಾಕಿ ಬೇಯಿಸುವ ‘ರಾತಾತೂಯ್’ ತರಕಾರಿಯದ್ದೇ.

ಹೋಟೆಲುಗಳಲ್ಲಿ ಮಧ್ಯಾಹ್ನ 12ರಿಂದ 2, ರಾತ್ರಿ 7ರ ನಂತರ ಮಾತ್ರ ಊಟ ಸಿಗುವುದು ರೂಢಿ. ನಡುವೆ ಅಡುಗೆ ಮನೆ ಮುಚ್ಚಿರುತ್ತದೆ. ಹೊತ್ತಿಗೆ ಸರಿಯಾಗಿ ತಿನ್ನಬೇಕಾದ ಸಕ್ಕರೆ ಕಾಯಿಲೆಯವರು ಇದನ್ನು ನೆನಪಿಡಬೇಕು. ಬಾಡಿಗೆ ಮನೆಯಲ್ಲಿ ಅಡುಗೆ ಮನೆ ಬೇಕೆಂದದ್ದು ಇದಕ್ಕಾಗಿಯೇ. ಕೂರ್ ಸಲೆಯಾ ಎಂಬ ಹಳೆ ಪೇಟೆಯ ಮಾರುಕಟ್ಟೆಯಲ್ಲಿ ಬೆಳಗಿನ ಹೊತ್ತು ತರಕಾರಿ, ಹಣ್ಣು, ಹೂವು ಸಿಗುತ್ತದೆ. ಸೋಮವಾರ ಮಾತ್ರ ಅಲ್ಲಿ ತರಕಾರಿಯ ಬದಲು ಹಳೆಯ ಸಾಮಾನುಗಳ ಸಂತೆ. ಅಂಗಡಿಯೊಳಗೆ ಹೋಗುವಾಗ ‘ಬೋಂಝೂರ್’ ಎಂದು ನಮಸ್ಕಾರ ಹೇಳಿಯೇ ಮಾತು ತೆಗೆಯಬೇಕು. ಹೇಳದಿದ್ದರೆ ಅಲ್ಲಿ ಅದು ಒರಟುತನ.

ವೀಸಾದ ಕಡತ

ಫ್ರಾನ್ಸಿಗೆ ಷೆಂಗೆನ್ ವೀಸಾ ಬೇಕು. ಒಂದೇ ವೀಸಾ ಯುರೋಪಿನ 29 ದೇಶಗಳಿಗೆ ಸಲ್ಲುತ್ತದೆ. ಅರ್ಜಿಯನ್ನು ಹೊರಡುವ ದಿನಕ್ಕಿಂತ ಆರು ತಿಂಗಳು ಮೊದಲಿನಿಂದ ಸಲ್ಲಿಸಬಹುದು; ಕನಿಷ್ಠ 15 ದಿನ ಮೊದಲಾದರೂ ಸಲ್ಲಿಸಿರಬೇಕು. ಕೊನೆಯ ಗಳಿಗೆಗೆ ಇಟ್ಟರೆ ಭೇಟಿಯ ದಿನವೇ ಸಿಗದು. ವಯಸ್ಕರಿಗೆ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ವೀಸಾ ನಿರಾಕರಿಸಿದರೆ ಶುಲ್ಕ ಮರಳುವುದಿಲ್ಲ. ಕನಿಷ್ಠ 30,000 ಯೂರೋ ಮೊತ್ತದ ಪ್ರವಾಸ ವಿಮೆ ಕಡ್ಡಾಯ. ವಿಮೆಯ ಅರ್ಜಿಯಲ್ಲಿ ರಕ್ತದೊತ್ತಡ, ಸಕ್ಕರೆ, ಹಳೆಯ ಶಸ್ತ್ರಚಿಕಿತ್ಸೆ ಯಾವುದನ್ನೂ ಮುಚ್ಚಿಡಬಾರದು. ಕೆಲವು ನೂರು ರೂಪಾಯಿ ಉಳಿಸಲು ಮುಚ್ಚಿಟ್ಟದ್ದು ಅಲ್ಲಿ ಆಸ್ಪತ್ರೆಗೆ ಸೇರಿದ ದಿನ ಲಕ್ಷಗಳ ನಷ್ಟಕ್ಕೆ ಕಾರಣವಾಗಬಹುದು.

ಪಾಸ್‌ಪೋರ್ಟ್ ಹಿಂತಿರುಗುವ ದಿನದ ನಂತರವೂ ಕನಿಷ್ಠ ಮೂರು ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಅಕ್ಕನ ಪಾಸ್‌ಪೋರ್ಟಿನ ಹತ್ತು ವರ್ಷದ ಅವಧಿ ಮುಗಿಯುತ್ತ ಬಂದಿತ್ತು. ಹೊಸದಕ್ಕೆ ಅರ್ಜಿ ತುಂಬುವಾಗ ವೈವಾಹಿಕ ಸ್ಥಿತಿಯ ಸಾಲಿಗೆ ಬಂದು ಕೈ ನಿಂತಿತು. ಐದು ವರ್ಷ ಕಳೆದಿದ್ದರೂ ಆ ಶಬ್ದವನ್ನು ತಾವೇ ಗುರುತು ಮಾಡಬೇಕಾಗಿ ಬಂದದ್ದು ಅವರಿಗೆ ಅದೇ ಮೊದಲು. ಶಿಕ್ಷಕಿಯವರು ಚಹಾ ಮಾಡಿ ತಂದಿಟ್ಟರು, ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಅಕ್ಕ ಉಳಿದ ಸಾಲುಗಳನ್ನೂ ತುಂಬಿ ಮುಗಿಸಿದರು.

ಈಗ ಅವರ ಕಡತದಲ್ಲಿ ಕುಟುಂಬ ಪಿಂಚಣಿಯ ದಾಖಲೆ, ಬ್ಯಾಂಕ್ ಹೇಳಿಕೆ, ಆದಾಯ ತೆರಿಗೆಯ ಕಾಗದ, ಠೇವಣಿಯ ಪ್ರಮಾಣಪತ್ರ, ಮನೆಯ ಕಾಗದದ ಪ್ರತಿ ಎಲ್ಲವೂ ಕ್ರಮವಾಗಿವೆ. ಖಾತೆಯಲ್ಲಿ ತಿಂಗಳು ತಿಂಗಳು ಬರುವ ಪಿಂಚಣಿ ವೀಸಾ ಅಧಿಕಾರಿಗೆ ಕೊಡುವ ಧೈರ್ಯವನ್ನು, ಅರ್ಜಿಯ ಹಿಂದಿನ ವಾರ ಮಕ್ಕಳು ಹಾಕಿದ ದೊಡ್ಡ ಮೊತ್ತ ಕೊಡುವುದಿಲ್ಲ. 2025ರ ಅಕ್ಟೋಬರ್ 12ರಿಂದ ಷೆಂಗೆನ್ ಗಡಿಯಲ್ಲಿ ಬೆರಳಚ್ಚು, ಭಾವಚಿತ್ರ ದಾಖಲಿಸುವ ಹೊಸ ಗಣಕ ವ್ಯವಸ್ಥೆಯೂ ಬಂದಿದೆ. ಇಳಿದ ಕೂಡಲೇ ಸಾಲಿನಲ್ಲಿ ನಿಲ್ಲುವ ತಾಳ್ಮೆ ಇರಲಿ.

ಹಣದ ಲೆಕ್ಕ

ಪ್ರವಾಸದ ಹಣ ಎಲ್ಲಿಂದ ಬರಬೇಕು ಎಂಬುದಕ್ಕಿಂತ ಎಲ್ಲಿಂದ ಬರಬಾರದು ಎಂಬುದನ್ನು ಇವರು ಮೊದಲು ಬರೆದುಕೊಂಡರು. ಆಸ್ಪತ್ರೆಗೆಂದು ತೆಗೆದಿಟ್ಟ ಠೇವಣಿ ಮುಟ್ಟುವಂತಿಲ್ಲ. ಒಂದು ವರ್ಷದ ಮನೆಖರ್ಚು ಖಾತೆಯಲ್ಲಿ ಉಳಿಯಬೇಕು. ಸಾಲ ಬೇಡ. ಅವಧಿಗೆ ಮೊದಲೇ ಠೇವಣಿ ಮುರಿದರೆ ಬಡ್ಡಿ ಕಡಿಮೆಯಾಗುತ್ತದೆ. ಹಾಗಾಗಿ ಜೂನ್, ಜುಲೈನಲ್ಲಿ ಅವಧಿ ಮುಗಿಯುವ ಠೇವಣಿಗಳನ್ನು ನೋಡಿಯೇ ಸೆಪ್ಟೆಂಬರ್ ಎಂದು ನಿಶ್ಚಯವಾಯಿತು. ಅಕ್ಕ ತಮ್ಮ ಪಾಲನ್ನು ಪೂರ್ತಿ ತಾವೇ ಕೊಡುವುದಾಗಿ ಹಟ ಹಿಡಿದರು. ಬೆಂಗಳೂರಿನ ಮಗಳು ‘ಅಮ್ಮಾ, ಟಿಕೆಟ್ ನಾನು ತೆಗೀತೇನೆ’ ಎಂದಾಗ ‘ನೀನು ದಿನಾ ಫೋನ್ ಮಾಡು, ಸಾಕು’ ಎಂದರು.

ಕೆಲವು ಸಣ್ಣ ಎಚ್ಚರಿಕೆಗಳು ದೊಡ್ಡ ಮೊತ್ತ ಉಳಿಸುತ್ತವೆ. ವಿದೇಶಿ ಪ್ರವಾಸದ ಪ್ಯಾಕೇಜ್ ಕೊಂಡರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ ಅಂದರೆ ಟಿಸಿಎಸ್ ಹಿಡಿಯುತ್ತಾರೆ. ಅದು ಕಳೆದುಹೋದ ಹಣವಲ್ಲ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ತೆರಿಗೆಯಲ್ಲಿ ಹೊಂದಿಸಬಹುದು ಅಥವಾ ಮರಳಿ ಪಡೆಯಬಹುದು. ಬೇರೆ ಬೇರೆಯಾಗಿ ಟಿಕೆಟ್, ಮನೆ ಕಾದಿರಿಸಿದರೆ ಪ್ಯಾಕೇಜಿನ ಟಿಸಿಎಸ್ ಇಲ್ಲ. 2020ರಿಂದ ಹೊಸದಾಗಿ ಕೊಡುವ ಕಾರ್ಡುಗಳು ವಿದೇಶದಲ್ಲಿ ತಾವಾಗಿ ನಡೆಯುವುದಿಲ್ಲ. ಹೊರಡುವ ಮೊದಲು ಬ್ಯಾಂಕಿನಲ್ಲಿ ಆ ಸೌಲಭ್ಯವನ್ನು ತೆರೆಸಿಕೊಳ್ಳಬೇಕು. ಯೂರೋ ತುಂಬಿದ ಫಾರೆಕ್ಸ್ ಕಾರ್ಡ್ ಒಂದು, ಸ್ವಲ್ಪ ನಗದು ಒಂದು ಕಡೆ, ಬ್ಯಾಂಕ್ ಕಾರ್ಡ್ ಇನ್ನೊಂದು ಕಡೆ ಇರಬೇಕು. ಮೂರೂ ಒಂದೇ ಚೀಲದಲ್ಲಿ ಬೇಡ. ಅಂಗಡಿಯ ಯಂತ್ರ ‘ರೂಪಾಯಿಯಲ್ಲೋ ಯೂರೋದಲ್ಲೋ’ ಎಂದು ಕೇಳಿದರೆ ಯೂರೋ ಎನ್ನಬೇಕು. ರೂಪಾಯಿ ಎಂದರೆ ಅವರು ಹಾಕಿದ್ದೇ ದರ.

ಔಷಧಿಗಳನ್ನು ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲೇ ಇಡಬೇಕು. ಭಾರತಕ್ಕಿಂತ ಅಲ್ಲಿಯ ಗಡಿಯಾರ ಸೆಪ್ಟೆಂಬರ್‌ನಲ್ಲಿ ಮೂರೂವರೆ ಗಂಟೆ ಹಿಂದೆ. ಮಾತ್ರೆಯ ಹೊತ್ತನ್ನು ವೈದ್ಯರಲ್ಲಿ ಕೇಳಿ ಬರೆದುಕೊಳ್ಳಬೇಕು. ಯುರೋಪಿನಲ್ಲಿ ತುರ್ತು ಕರೆಗೆ 112.

ಮುಂದಿನ ವರ್ಷ ಅಲ್ಲ

ಇದನ್ನೆಲ್ಲ ಓದಿ ಇಷ್ಟೊಂದು ತಾಪತ್ರಯವೇ ಎನಿಸಬಹುದು. ಮಗಳ ಮದುವೆಗೆ, ಮನೆಯ ಸಾಲಕ್ಕೆ, ಊರಿನ ದೈವಕಾರ್ಯಕ್ಕೆ ನಮ್ಮವರು ಇದಕ್ಕಿಂತ ಹೆಚ್ಚು ಕಾಗದ, ಹೆಚ್ಚು ಲೆಕ್ಕ ಮಾಡಿದ್ದಾರೆ. ಅದೇ ಶ್ರದ್ಧೆಯಲ್ಲಿ ನಾಲ್ಕಾಣೆ ತಮಗಾಗಿ ಇಟ್ಟುಕೊಂಡರೆ ತಪ್ಪೇನಿಲ್ಲ. ವಿದೇಶವೇ ಆಗಬೇಕೆಂದಿಲ್ಲ, ನೀಸ್ ಊರೇ ಆಗಬೇಕೆಂದೂ ಇಲ್ಲ. ಕೈಕಾಲು ನಡೆಯುವಾಗ, ಜತೆಗಿರಬೇಕಾದವರು ಜತೆಗಿರುವಾಗ ಹೊರಡಬೇಕು ಎಂಬುದಷ್ಟೇ ಮುಖ್ಯ.

ಡೊಂಬಿವಲಿಯ ಮನೆಯಲ್ಲಿ ಮೂರು ಪ್ಲಾಸ್ಟಿಕ್ ಕಡತಗಳು ಮೇಜಿನ ಮೇಲಿವೆ. ಅಕ್ಕನ ಕಡತದಲ್ಲಿ, ವೀಸಾ ಕಚೇರಿ ಕೇಳದ ಒಂದು ಕಾಗದವೂ ಇದೆ: ಎರಡು ಗೆರೆ ಎಳೆದ ಆ ಹಳೆಯ ಹಾಳೆ. ‘ಅದು ಅರ್ಜಿಗೆ ಬೇಡ ಅಕ್ಕಾ’ ಎಂದು ಶಿಕ್ಷಕಿಯವರು ಹೇಳಿದರು. ‘ಅರ್ಜಿಗಲ್ಲ, ರೈಲಿಗೆ’ ಎಂದರು ಅಕ್ಕ.